ಕಾರು ಹೀಟ್ ಆಗಿ ಪದೇ ಪದೇ ಆಫ್ ಆಗ್ತಿದೆಯಾ? ಪಾರ್ಟ್ ಬದಲಿಸೋ ಮುಂಚೆ ಇಷ್ಟು ನೋಡ್ಕೊಳ್ಳಿ

ರಾಮನಗರ: ಬಿಸಿಲು ಏರ್ತಿದ್ದ ಹಾಗೆ ಐಜೂರು ಸರ್ಕಲ್ ಸುತ್ತಮುತ್ತ ಬಾನೆಟ್ ಎತ್ತಿಕೊಂಡು ನಿಂತ ಗಾಡಿಗಳು ಕಾಣೋಕೆ ಶುರುವಾಗುತ್ತವೆ. ಡ್ರೈವರ್ ಕೈಯಲ್ಲಿ ಒಂದು ನೀರಿನ ಬಾಟಲಿ, ಹಿಂದೆ ಹಾರ್ನ್ ಹೊಡೆಯೋ ಬಸ್ಸು, ಸುತ್ತ ನಾಲ್ಕು ಜನ, ನಾಲ್ಕು ಸಲಹೆ. ಒಬ್ಬರು ಪೆಟ್ರೋಲ್ ಪಂಪ್ ಅಂತಾರೆ, ಇನ್ನೊಬ್ಬರು ಪ್ಲಗ್ ಅಂತಾರೆ, ಮತ್ತೊಬ್ಬರು ಸುಮ್ನೆ ನೀರು ಹುಯ್ದು ಹೊಡಿರಿ ಅಂತಾರೆ.

ನಮ್ಮ ಸೋದರಮಾವನಿಗೂ ಇದೇ ಆಯ್ತು. ಅವರು ಚನ್ನಪಟ್ಟಣದಲ್ಲಿ ಪ್ರಾವಿಜನ್ ಸ್ಟೋರ್ ಇಟ್ಟಿದ್ದಾರೆ. ಅಂಗಡಿ ಮಾಲಿಗೆಲ್ಲ ಒಂದು ಹಳೇ ಮಾರುತಿ ಓಮ್ನಿ. ಯುಗಾದಿಗೆ ಮುಂಚೆ, ವ್ಯಾಪಾರ ಜೋರಾಗಿರೋ ಟೈಮಲ್ಲಿ, ಗಾಡಿ ಹೀಟ್ ಆಗಿ ಆಫ್ ಆಗೋಕೆ ಶುರುವಾಯ್ತು. ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್. ಒಂದು ಕಡೆ ಪೆಟ್ರೋಲ್ ಪಂಪ್ ಬದಲಿಸಿದರು. ಸರಿ ಹೋಗಲಿಲ್ಲ. ಪ್ಲಗ್, ಪ್ಲಗ್ ವೈರ್ ಬದಲಿಸಿದರು. ಆಗಲೂ ಹೋಗಲಿಲ್ಲ. ಅಷ್ಟರಲ್ಲಿ ಮಾವ ಮುಳ್ಳು ಕೆಂಪಿಗೆ ಬಂದಾಗಲೂ "ಇನ್ನೆರಡು ಕಿಲೋಮೀಟರ್ ತಾನೇ" ಅಂತ ಓಡಿಸಿಬಿಟ್ಟಿದ್ದರು. ಕೊನೆಗೆ ವಯಸ್ಸಾದ ಮೆಕ್ಯಾನಿಕ್ ಒಬ್ಬರ ಹತ್ರ ಹೋದಾಗ ಅವರು ಸ್ಪ್ಯಾನರ್ ಮುಟ್ಟೋಕೆ ಮುಂಚೆ ಒಂದೇ ಪ್ರಶ್ನೆ ಕೇಳಿದರು.

"ಅಣ್ಣಾ, ಊರೊಳಗೆ ಹೀಟ್ ಆಗ್ತದಾ, ರೋಡಲ್ಲಾ?"

"ಊರೊಳಗೇ ಕಣಪ್ಪ. ರೋಡಲ್ಲಿ ಹೋಗ್ತಿದ್ರೆ ಏನೂ ಇಲ್ಲ."

"ಇದನ್ನ ಅಲ್ಲಿ ಹೇಳಿದ್ರಾ?"

"ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ತೊಂದರೆ ಇದ್ದದ್ದು ರೇಡಿಯೇಟರ್ ಫ್ಯಾನಿನ ವೈರ್ ಕನೆಕ್ಟರ್ ಸುಟ್ಟಿದ್ದರಲ್ಲಿ. ಫ್ಯಾನೇ ತಿರುಗ್ತಿರಲಿಲ್ಲ. ಅದರ ರಿಪೇರಿ ಮುನ್ನೂರು ರೂಪಾಯಿ ಒಳಗೆ ಮುಗಿಯಿತು. ಆದರೆ ಕೆಂಪು ಮುಳ್ಳಿನಲ್ಲಿ ಓಡಿಸಿದ್ದಕ್ಕೆ ಹೆಡ್ ಗ್ಯಾಸ್ಕೆಟ್ ಹೋಗಿತ್ತು. ಅದು, ಅದಕ್ಕೂ ಮುಂಚೆ ಬೇಕಿಲ್ಲದೆ ಬದಲಿಸಿದ ಪಾರ್ಟು, ಮೂರು ವಾರ ಮಾಲು ತರೋಕೆ ಕೊಟ್ಟ ಗೂಡ್ಸ್ ಆಟೋ ಬಾಡಿಗೆ ಎಲ್ಲಾ ಸೇರಿ ಯುಗಾದಿ ವ್ಯಾಪಾರದ ಲಾಭ ಅಲ್ಲಿಗೇ ಹೋಯ್ತು.

ಹೀಟ್ ಆಗೋ ಗಾಡಿ ಯಾವಾಗ ಹೀಟ್ ಆಗುತ್ತೆ, ಯಾವಾಗ ಆಫ್ ಆಗುತ್ತೆ ಅನ್ನೋದು ಗೊತ್ತಾದರೆ ಅರ್ಧ ರಿಪೇರಿ ಆದ ಹಾಗೆ. ಅದನ್ನ ಗಮನಿಸಬೇಕಾದವರು ಓಡಿಸೋ ನಾವು. ಮೆಕ್ಯಾನಿಕ್ ನಮ್ಮ ಜೊತೆ ಗಾಡಿಯಲ್ಲಿ ಕೂತಿರಲ್ಲ.

ಎಂಜಿನ್ ಹೇಗೆ ತಣ್ಣಗಿರುತ್ತೆ?

ಪೆಟ್ರೋಲ್ ಉರಿದಾಗ ಹುಟ್ಟೋ ಶಾಖದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಚಕ್ರಕ್ಕೆ ಹೋಗೋದು ಕಷ್ಟ. ಉಳಿದಿದ್ದು ಸೈಲೆನ್ಸರ್ ಮೂಲಕ, ರೇಡಿಯೇಟರ್ ಮೂಲಕ ಹೊರಗೆ ಹೋಗಬೇಕು. ಅದಕ್ಕೆ ಐದು ವಸ್ತು ಸರಿಯಾಗಿ ಕೆಲಸ ಮಾಡಬೇಕು.

ಮೊದಲನೆಯದು ಕೂಲೆಂಟ್. ಎಂಜಿನ್ ಒಳಗಿನ ಶಾಖ ಹೊತ್ತುಕೊಂಡು ಬರೋದು ಇದೇ. ಎರಡನೆಯದು ವಾಟರ್ ಪಂಪ್. ಕೂಲೆಂಟನ್ನ ಎಂಜಿನ್‌ಗೂ ರೇಡಿಯೇಟರ್‌ಗೂ ಮಧ್ಯೆ ಸುತ್ತಿಸೋದು ಇದು. ಮೂರನೆಯದು ಥರ್ಮೋಸ್ಟಾಟ್ ವಾಲ್ವ್. ಎಂಜಿನ್ ತಣ್ಣಗಿದ್ದಾಗ ಮುಚ್ಚಿಕೊಂಡು, ಸುಮಾರು 82ರಿಂದ 88 ಡಿಗ್ರಿಗೆ ಬಂದಾಗ ತೆರೆದುಕೊಂಡು ಕೂಲೆಂಟನ್ನ ರೇಡಿಯೇಟರ್‌ಗೆ ಬಿಡುತ್ತೆ. ನಾಲ್ಕನೆಯದು ರೇಡಿಯೇಟರ್, ಜೊತೆಗೆ ಅದರ ಫ್ಯಾನ್. ಐದನೆಯದು ರೇಡಿಯೇಟರ್ ಮುಚ್ಚಳ.

ಮುಚ್ಚಳ ಅಂದ್ರೆ ಬರೀ ಮುಚ್ಚಳ ಅಲ್ಲ. ರಾಮನಗರ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಇಲ್ಲಿ ಪಾತ್ರೆಯಲ್ಲಿ ಇಟ್ಟ ನೀರು 97-98 ಡಿಗ್ರಿಗೇ ಕುದಿಯುತ್ತೆ. ಆದರೆ ಪ್ರೆಶರ್ ಕುಕ್ಕರ್‌ನಲ್ಲಿ ಆಗೋ ಹಾಗೆ, ಮುಚ್ಚಳ ಒತ್ತಡ ಹಿಡಿದಿಟ್ಟರೆ ಕೂಲೆಂಟ್ 115-120 ಡಿಗ್ರಿವರೆಗೂ ಕುದಿಯಲ್ಲ. ಮುಚ್ಚಳದ ರಬ್ಬರ್ ಒಣಗಿ ಬಿರುಕು ಬಿಟ್ಟರೆ ಗ್ಯಾಸ್ಕೆಟ್ ಹೋದ ಕುಕ್ಕರ್ ಥರ. ಒತ್ತಡ ನಿಲ್ಲಲ್ಲ, ಕೂಲೆಂಟ್ ಬೇಗ ಕುದಿದು ಹೊರಗೆ ಹೋಗುತ್ತೆ. ಎಂಜಿನ್ ಬಿಚ್ಚಿಸೋ ಮುಂಚೆ ಒಂದು ಸಾರಿ ಮುಚ್ಚಳ ಬದಲಿಸಿ ನೋಡೋದು ಕಡಿಮೆ ಖರ್ಚಿನ ದಾರಿ.

ಯಾವಾಗ ಹೀಟ್ ಆಗುತ್ತೆ?

ಊರೊಳಗೆ ನಿಧಾನಕ್ಕೆ ಹೋಗುವಾಗ, ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಹೀಟ್ ಆಗಿ, ರೋಡಿಗೆ ಬಿದ್ದ ಮೇಲೆ ಮುಳ್ಳು ಕೆಳಗೆ ಇಳಿದರೆ ಮೊದಲು ಫ್ಯಾನ್ ನೋಡಿ. ಓಡೋ ಗಾಡಿಗೆ ಎದುರು ಗಾಳಿ ಸಿಗುತ್ತೆ, ಫ್ಯಾನ್ ಇಲ್ಲದಿದ್ದರೂ ನಡೆಯುತ್ತೆ. ನಿಂತ ಗಾಡಿಗೆ ಫ್ಯಾನೇ ಗತಿ. ಪರೀಕ್ಷೆ ಸುಲಭ: ಗಾಡಿ ಸ್ಟಾರ್ಟ್ ಮಾಡಿ ಎಸಿ ಹಾಕಿ. ಎಸಿ ಇರೋ ಹೆಚ್ಚಿನ ಕಾರುಗಳಲ್ಲಿ ರೇಡಿಯೇಟರ್ ಫ್ಯಾನ್ ಸ್ವಲ್ಪ ಹೊತ್ತಲ್ಲೇ ತಿರುಗಬೇಕು. ಎಸಿ ಇಲ್ಲದ ಗಾಡಿಯಲ್ಲಿ ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಫ್ಯಾನ್ ತಾನಾಗೇ ಆನ್ ಆಗಬೇಕು. ಆಗದಿದ್ದರೆ ಫ್ಯೂಸ್, ರಿಲೇ, ಕನೆಕ್ಟರ್, ಸೆನ್ಸರ್, ಕೊನೆಗೆ ಮೋಟರ್, ಈ ಕ್ರಮದಲ್ಲಿ ನೋಡಿಸಿ. ಫ್ಯೂಸ್‌ನಿಂದ ಶುರು ಮಾಡಿದರೆ ಹತ್ತಿಪ್ಪತ್ತು ರೂಪಾಯಲ್ಲಿ ಮುಗಿದರೂ ಮುಗಿಯಬಹುದು. ಫ್ಯಾನ್ ತಾನಾಗೇ ತಿರುಗೋಕೆ ಶುರು ಮಾಡುತ್ತೆ, ಹಾಗಾಗಿ ಬೆರಳು, ದುಪಟ್ಟ, ಟವೆಲ್ ದೂರ ಇರಲಿ.

ಇದಕ್ಕೆ ತಿರುಗಾಮುರುಗಾ, ಊರೊಳಗೆ ಸರಿಯಾಗಿದ್ದು ರೋಡಲ್ಲಿ 80ರ ಮೇಲೆ ಹೋದಾಗ ಹೀಟ್ ಆದರೆ ಫ್ಯಾನಿನ ಮೇಲೆ ಅನುಮಾನ ಬೇಡ. ಕೂಲೆಂಟ್ ಕಡಿಮೆಯಾಗಿರಬಹುದು, ರೇಡಿಯೇಟರ್ ಒಳಗೆ ಪಾಚಿ-ಪದರ ಕಟ್ಟಿ ಬ್ಲಾಕ್ ಆಗಿರಬಹುದು, ವಾಟರ್ ಪಂಪಿನ ರೆಕ್ಕೆ ಸವೆದಿರಬಹುದು, ಇಲ್ಲಾ ಬೆಲ್ಟ್ ಜಾರ್ತಿರಬಹುದು. ಊರೊಳಗಷ್ಟೇ ಓಡ್ತಿದ್ದ ಹಳೇ ಗಾಡಿಯನ್ನ ಒಂದಿನ ಎಕ್ಸ್‌ಪ್ರೆಸ್‌ವೇಗೆ ಹತ್ತಿಸಿದಾಗ ಈ ರೋಗ ಹೊರಗೆ ಬರುತ್ತೆ.

ಏರಿನಲ್ಲಿ, ಲೋಡ್ ಇದ್ದಾಗ ಮಾತ್ರ ಹೀಟ್ ಆದರೆ ಕೂಲಿಂಗ್ ವ್ಯವಸ್ಥೆ ಅರ್ಧ ಶಕ್ತಿಯಲ್ಲಿದೆ ಅಂತ ಅರ್ಥ. ಕನಕಪುರದಿಂದ ಸಂಗಮಕ್ಕೆ ಇಳಿಯುವಾಗ ಏನೂ ಗೊತ್ತಾಗಲ್ಲ, ವಾಪಸ್ ಹತ್ತುವಾಗ ಮುಳ್ಳು ಏರುತ್ತೆ. ಮಾವಿನ ಸೀಸನ್‌ನಲ್ಲಿ ಕ್ರೇಟ್ ತುಂಬಿಕೊಂಡು ಹೊರಟ ಪಿಕಪ್‌ಗಳದ್ದೂ ಇದೇ ಕಥೆ. ಕ್ಲಚ್ ಸವೆದು ಜಾರ್ತಿದ್ದರೆ, ಬ್ರೇಕ್ ಹಿಡ್ಕೊಂಡಿದ್ದರೆ ಕೂಡ ಎಂಜಿನ್ ಮೇಲೆ ಭಾರ ಬಿದ್ದು ಹೀಟ್ ಆಗುತ್ತೆ. ಓಡಿಸಿ ನಿಲ್ಲಿಸಿದ ಮೇಲೆ ಒಂದು ಚಕ್ರದ ಡಿಸ್ಕ್ ಮಾತ್ರ ಉಳಿದವಕ್ಕಿಂತ ತುಂಬಾ ಬಿಸಿ ಕಾರ್ತಿದ್ದರೆ ಆ ಬ್ರೇಕ್ ನೋಡಿಸಿ. ಹತ್ತಿರ ಕೈ ಹಿಡಿದರೇ ಶಾಖ ಗೊತ್ತಾಗುತ್ತೆ, ಮುಟ್ಟೋದು ಬೇಡ.

ಸ್ಟಾರ್ಟ್ ಮಾಡಿ ಹತ್ತು ನಿಮಿಷದೊಳಗೇ, ಎಲ್ಲಿದ್ದರೂ ಹೀಟ್ ಆದರೆ ಥರ್ಮೋಸ್ಟಾಟ್ ಮುಚ್ಚಿಕೊಂಡೇ ನಿಂತಿರಬಹುದು. ಎಂಜಿನ್ ಕುದಿಯುತ್ತಿದ್ದರೂ ರೇಡಿಯೇಟರ್ ತಣ್ಣಗಿರೋದು, ಮೇಲಿನ ಹೋಸ್ ಪೈಪ್ ಬಿಸಿ ಇದ್ದು ಕೆಳಗಿನದು ತಣ್ಣಗಿರೋದು ಇದರ ಗುರುತು.

ಕೂಲೆಂಟ್ ದಿನಾ ಕಡಿಮೆಯಾಗ್ತಿದ್ದರೆ ಎಲ್ಲೋ ಸೋರ್ತಿದೆ. ಬೆಳಿಗ್ಗೆ ಗಾಡಿ ಕೆಳಗೆ ನೋಡಿ. ಎಸಿಯಿಂದ ಬಿದ್ದ ನೀರಿಗೆ ಬಣ್ಣ ಇರಲ್ಲ, ಅದಕ್ಕೆ ಗಾಬರಿ ಬೇಡ. ಹಸಿರು, ಕೆಂಪು, ನೀಲಿ ಬಣ್ಣದ ಅಂಟು ದ್ರವ ಇದ್ದರೆ ಅದು ಕೂಲೆಂಟ್. ಅದು ಸ್ವಲ್ಪ ಸಿಹಿ ವಾಸನೆ ಬರುತ್ತೆ, ಆದರೆ ವಿಷ. ನಾಯಿ, ಮಕ್ಕಳು ಮುಟ್ಟದ ಹಾಗೆ ತೊಳೆದುಬಿಡಿ.

ಹೊರಗೆ ಎಲ್ಲೂ ಸೋರದೆ ಕೂಲೆಂಟ್ ಕಡಿಮೆಯಾಗ್ತಿದ್ದರೆ ಅದು ಎಂಜಿನ್ ಒಳಗೇ ಹೋಗ್ತಿರಬಹುದು. ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ದಟ್ಟ ಬಿಳಿ ಹೊಗೆ, ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿರೋದು, ಎಂಜಿನ್ ಓಡುವಾಗ ರೇಡಿಯೇಟರ್ ಒಳಗೆ ನಿಲ್ಲದೆ ಗುಳ್ಳೆ ಬರೋದು, ಇವು ಹೆಡ್ ಗ್ಯಾಸ್ಕೆಟ್ ಹೋಗಿರೋ ಲಕ್ಷಣ. ಇಂಥ ಗಾಡಿ ಓಡಿಸಬೇಡಿ, ಕಟ್ಟಿ ಎಳೆಸಿಕೊಂಡು ಹೋಗಿ.

ಹೀಟ್ ಆಗೋದಕ್ಕೂ ಆಫ್ ಆಗೋದಕ್ಕೂ ಏನು ಸಂಬಂಧ?

ಬಹಳ ಜನ ಇಲ್ಲೇ ದಾರಿ ತಪ್ಪೋದು. ಗಾಡಿ ಆಫ್ ಆಯ್ತು ಅಂದ ತಕ್ಷಣ ಪೆಟ್ರೋಲ್ ಕಡೆ ಹೋಗ್ತಾರೆ. ಮೊದಲು ಕೇಳ್ಕೊಳ್ಳಬೇಕಾದ್ದು: ಮುಳ್ಳು ಮೇಲೆ ಹೋದ ಮೇಲೆ ಆಫ್ ಆಗುತ್ತಾ, ಇಲ್ಲಾ ಮುಳ್ಳು ಮಧ್ಯದಲ್ಲಿದ್ದಾಗಲೇ ಆಗುತ್ತಾ?

ಮುಳ್ಳು ಮೇಲೆ ಹೋದ ಮೇಲೆ ಆಫ್ ಆದರೆ ಮೊದಲು ಹೀಟ್ ಸರಿ ಮಾಡಿಸಿ. ಅತಿ ಬಿಸಿಯಲ್ಲಿ ಹಳೇ ಕಾರ್ಬೊರೇಟರ್ ಗಾಡಿಗಳಲ್ಲಿ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಎಂಜಿನ್‌ಗೆ ಸಿಗೋದಿಲ್ಲ. ಇಗ್ನಿಷನ್ ಕಾಯಿಲ್ ಸೋತು ಕಿಡಿ ಕೊಡೋದಿಲ್ಲ. ಇನ್ನೂ ಮುಂದೆ ಹೋದರೆ ಪಿಸ್ಟನ್ ಹಿಗ್ಗಿ ಸಿಲಿಂಡರ್‌ಗೆ ಉಜ್ಜೋಕೆ ಶುರುವಾಗುತ್ತೆ. ಆ ಹಂತದಲ್ಲಿ ಗಾಡಿ ತಾನಾಗೇ ಆಫ್ ಆದರೆ ಅದು ಎಂಜಿನ್ ಸೀಜ್ ಆಗೋ ಮುಂಚಿನ ಕೊನೆ ಎಚ್ಚರಿಕೆ. ಸೆಲ್ಫ್ ಹೊಡೆದು ಹೊಡೆದು ಎಬ್ಬಿಸಬೇಡಿ.

ಮುಳ್ಳು ಮಧ್ಯದಲ್ಲೇ ಇದೆ, ಆದರೆ ಅರ್ಧ-ಮುಕ್ಕಾಲು ಗಂಟೆ ಓಡಿದ ಮೇಲೆ ಆಫ್ ಆಗುತ್ತೆ, ಇಪ್ಪತ್ತು ನಿಮಿಷ ಬಿಟ್ಟರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗುತ್ತೆ ಅಂದರೆ ಅನುಮಾನ ಕ್ರ್ಯಾಂಕ್ ಸೆನ್ಸರ್, ಕಾಯಿಲ್ ಅಥವಾ ಪೆಟ್ರೋಲ್ ಪಂಪ್ ಮೇಲೆ. ಇವು ಬಿಸಿಯಾದಾಗ ಕೈ ಕೊಟ್ಟು ತಣ್ಣಗಾದಾಗ ಸರಿ ಹೋಗ್ತವೆ. ಹಾಗಾಗಿ ತಣ್ಣಗಿರೋ ಗಾಡಿಯನ್ನ ಗ್ಯಾರೇಜಿಗೆ ಬಿಟ್ಟು ಬಂದರೆ ಅವರಿಗೆ ತೊಂದರೆ ಕಾಣೋದೇ ಇಲ್ಲ. ಇನ್ನೊಂದು ಮಾತು: ಪಂಪ್ ಟ್ಯಾಂಕ್ ಒಳಗಿರೋ ಗಾಡಿಗಳಲ್ಲಿ ಅದು ತಣ್ಣಗಿರೋದು ಪೆಟ್ರೋಲ್‌ನಿಂದಲೇ. ಯಾವಾಗಲೂ ನೂರು, ಇನ್ನೂರು ರೂಪಾಯಿಗೆ ಹಾಕಿಸಿ ರಿಸರ್ವ್‌ನಲ್ಲೇ ಓಡಿಸಿದರೆ ಪಂಪಿನ ಆಯಸ್ಸು ಕಡಿಮೆಯಾಗುತ್ತೆ.

ನಿಂತಾಗ, ಆಕ್ಸಿಲರೇಟರ್ ಬಿಟ್ಟಾಗ, ಎಸಿ ಹಾಕಿದಾಗ ಮಾತ್ರ ಆಫ್ ಆದರೆ ಥ್ರೋಟಲ್ ಬಾಡಿ ಕೊಳೆಯಾಗಿರಬಹುದು. ಅದನ್ನ ಕ್ಲೀನ್ ಮಾಡಿಸಿದರೆ ಎಷ್ಟೋ ಸಲ ಸರಿ ಹೋಗುತ್ತೆ, ಬದಲಿಸೋ ಅಗತ್ಯ ಇರಲ್ಲ.

ಹೀಟ್ ಆಗೋದು, ಆಫ್ ಆಗೋದು ಎರಡಕ್ಕೂ ಒಂದೇ ಮೂಲ ಇರೋ ಸಂದರ್ಭಗಳೂ ಇವೆ. ಇವನ್ನ ನೆನಪಿಟ್ಟುಕೊಳ್ಳಿ.

ಒಂದು, ಫ್ಯಾನ್ ಬೆಲ್ಟ್. ಹಳೇ ಗಾಡಿಗಳಲ್ಲಿ ಸಾಮಾನ್ಯವಾಗಿ ವಾಟರ್ ಪಂಪ್, ಆಲ್ಟರ್ನೇಟರ್ ಎರಡನ್ನೂ ತಿರುಗಿಸೋದು ಒಂದೇ ಬೆಲ್ಟು. ಅದು ಜಾರಿದರೆ ಎಂಜಿನ್ ಹೀಟ್ ಆಗುತ್ತೆ, ಬ್ಯಾಟರಿಯೂ ಚಾರ್ಜ್ ಆಗಲ್ಲ. ಬ್ಯಾಟರಿ ಲೈಟ್ ಉರಿದು, ಜೊತೆಗೆ ಮುಳ್ಳೂ ಏರ್ತಿದ್ದರೆ ಮೊದಲು ಬೆಲ್ಟ್ ನೋಡಿ. ಇದರಲ್ಲಿ ಗಾಡಿ ತಕ್ಷಣ ನಿಲ್ಲಿಸಲೇಬೇಕು.

ಎರಡು, ಅರ್ಥಿಂಗ್ ವೈರ್. ಎಂಜಿನ್‌ನಿಂದ ಬಾಡಿಗೆ ಬರೋ ದಪ್ಪ ವೈರ್ ತುಕ್ಕು ಹಿಡಿದು ಸಡಿಲವಾದರೆ ಫ್ಯಾನ್ ನಿಧಾನ ತಿರುಗುತ್ತೆ, ಸೆನ್ಸರ್‌ಗಳು ತಪ್ಪು ಹೇಳ್ತವೆ, ಗಾಡಿ ಆಫ್ ಆಗುತ್ತೆ. ಉಜ್ಜಿ ಟೈಟ್ ಮಾಡೋಕೆ ಹತ್ತು ನಿಮಿಷ ಸಾಕು.

ಮೂರು, ಬ್ಲಾಕ್ ಆದ ಸೈಲೆನ್ಸರ್. ಅದರ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಕಟ್ಟಿಕೊಂಡರೆ ಹೊಗೆ ಹೊರಗೆ ಹೋಗಲ್ಲ. ಗಾಡಿಗೆ ಪಿಕಪ್ ಇರಲ್ಲ, ಶಾಖ ಒಳಗೇ ಉಳಿಯುತ್ತೆ, ಕೊನೆಗೆ ಆಫ್.

ನಾಲ್ಕು, ಗ್ಯಾಸ್ ಕಿಟ್. ಎಲ್‌ಪಿಜಿ, ಸಿಎನ್‌ಜಿ ಕಿಟ್ ಇರೋ ಓಮ್ನಿ, ಈಕೋ ಇಟ್ಕೊಂಡಿರೋರು ಗಮನಿಸಿ. ಗ್ಯಾಸ್ ಕಿಟ್ಟಿನ ರೆಡ್ಯೂಸರ್‌ಗೆ ಬಿಸಿ ಸಿಗೋದು ಎಂಜಿನ್ ಕೂಲೆಂಟ್‌ನಿಂದ. ಕೂಲೆಂಟ್ ಕಡಿಮೆಯಾದರೆ ಒಂದು ಕಡೆ ಎಂಜಿನ್ ಕಾಯುತ್ತೆ, ಇನ್ನೊಂದು ಕಡೆ ರೆಡ್ಯೂಸರ್ ತಣ್ಣಗಾಗಿ ಹೆಪ್ಪುಗಟ್ಟುತ್ತೆ. ಗ್ಯಾಸ್‌ನಲ್ಲಿ ಆಫ್ ಆಗಿ ಪೆಟ್ರೋಲ್‌ಗೆ ಹಾಕಿದಾಗ ಓಡುತ್ತೆ, ರೆಡ್ಯೂಸರ್ ಮೇಲೆ ಮಂಜು ಹಿಡಿದಿದೆ ಅಂದರೆ ಗ್ಯಾಸ್ ಕಿಟ್ ಬಯ್ಯೋಕೆ ಮುಂಚೆ ಕೂಲೆಂಟ್ ನೋಡಿ.

ದಾರಿಯಲ್ಲಿ ಮುಳ್ಳು ಏರಿದರೆ

ಮುಳ್ಳು ಮಧ್ಯದಿಂದ ಸ್ವಲ್ಪ ಮೇಲೆ ಹೋದ ತಕ್ಷಣ ಎಸಿ ಆಫ್ ಮಾಡಿ. ಹೀಟರ್ ಇದ್ದರೆ ಪೂರ್ತಿ ಬಿಸಿಗೆ ಇಟ್ಟು ಬ್ಲೋವರ್ ಜೋರಾಗಿ ಹಾಕಿ, ಕಿಟಕಿ ಇಳಿಸಿ. ಬಿಸಿಲಲ್ಲಿ ಕಷ್ಟ, ಆದರೆ ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರ್. ಎಂಜಿನ್ ಶಾಖ ಎಳೆದು ಒಳಗೆ ಬಿಡುತ್ತೆ. ಇದು ನಿಲ್ಲಿಸೋಕೆ ಜಾಗ ಸಿಗೋವರೆಗೆ ಮಾತ್ರ.

ಮುಳ್ಳು ಕೆಂಪಿಗೆ ಬಂದರೆ, ಕೆಂಪು ಲೈಟ್ ಉರಿದರೆ, ಆವಿ ಕಂಡರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಆಫ್ ಮಾಡಿ. "ಇನ್ನೆರಡು ಕಿಲೋಮೀಟರ್" ಬೇಡ. ಈಗಿನ ಎಷ್ಟೋ ಕಾರುಗಳಲ್ಲಿ ಮುಳ್ಳೇ ಇಲ್ಲ, ಲೈಟ್ ಮಾತ್ರ. ಆ ಲೈಟ್ ಬರೋ ಹೊತ್ತಿಗೆ ಆಗಲೇ ತಡವಾಗಿರುತ್ತೆ ಅಂತ ತಿಳ್ಕೊಳ್ಳಿ.

ಮೇಲೆ ಹೋಗಿದ್ದ ಮುಳ್ಳು ಇದ್ದಕ್ಕಿದ್ದ ಹಾಗೆ ಕೆಳಗೆ ಬಿದ್ದರೆ ಸಮಾಧಾನ ಪಡಬೇಡಿ. ಸೆನ್ಸರ್ ಅಳೆಯೋದು ಕೂಲೆಂಟಿನ ಬಿಸಿ. ಕೂಲೆಂಟೇ ಖಾಲಿಯಾದರೆ ಸೆನ್ಸರ್ ಗಾಳಿಯಲ್ಲಿ ನಿಂತು ಕಡಿಮೆ ತೋರಿಸಬಹುದು. ಎಂಜಿನ್ ಒಳಗೆ ಸುಡ್ತಾ ಇರುತ್ತೆ.

ನಿಲ್ಲಿಸಿದ ಮೇಲೆ ಕನಿಷ್ಠ ಅರ್ಧದಿಂದ ಮುಕ್ಕಾಲು ಗಂಟೆ ಮುಚ್ಚಳಕ್ಕೆ ಕೈ ಹಾಕಬೇಡಿ. ಬಿಸಿ ಇರುವಾಗ ತೆಗೆದರೆ ಕುದಿಯೋ ಕೂಲೆಂಟ್ ಮುಖಕ್ಕೆ ಚಿಮ್ಮುತ್ತೆ. ಓಮ್ನಿ, ಈಕೋ, ಏಸ್‌ನಂಥ ಗಾಡಿಗಳಲ್ಲಿ ಎಂಜಿನ್ ಸೀಟಿನ ಕೆಳಗೇ ಇರೋದರಿಂದ ಸೀಟು ಎತ್ತುವಾಗಲೂ ಮುಖ ದೂರ ಇರಲಿ. ತಣ್ಣಗಾದ ಮೇಲೆ ದಪ್ಪ ಬಟ್ಟೆ ಹಾಕಿ ನಿಧಾನ ಸ್ವಲ್ಪ ತಿರುಗಿಸಿ, ಒತ್ತಡ ಹೋಗೋಕೆ ಬಿಟ್ಟು, ಆಮೇಲೆ ಪೂರ್ತಿ ತೆಗೆಯಿರಿ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ. ಕಾದ ಹೆಂಚಿಗೆ ನೀರು ಚಿಮುಕಿಸಿದ ಹಾಗೆ, ಹೆಡ್ ಬಿರುಕು ಬಿಡಬಹುದು.

ಎಕ್ಸ್‌ಪ್ರೆಸ್‌ವೇ ಮೇಲೆ ಆದರೆ ಇನ್ನೂ ಹುಷಾರಾಗಿರಬೇಕು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ ಆ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗೆ ಪ್ರವೇಶ ಇಲ್ಲ. ಅಂದರೆ ಫೋನ್ ಮಾಡಿದರೆ ಟೂಲ್ ಬ್ಯಾಗ್ ಹಾಕ್ಕೊಂಡು ಬೈಕಲ್ಲಿ ಬರ್ತಿದ್ದ ನಮ್ಮೂರ ಮೆಕ್ಯಾನಿಕ್ ಅಲ್ಲಿಗೆ ಬರೋ ಹಾಗಿಲ್ಲ. ರಾಮನಗರ-ಚನ್ನಪಟ್ಟಣ ಬೈಪಾಸ್ ಒಂದೇ ಸುಮಾರು 22 ಕಿ.ಮೀ. ಇದೆ, ಬೇಕಾದಲ್ಲಿ ಇಳಿಯೋಕೂ ಆಗಲ್ಲ. ಪೂರ್ತಿ ಎಡಕ್ಕೆ ನಿಲ್ಲಿಸಿ, ನಾಲ್ಕೂ ಇಂಡಿಕೇಟರ್ ಹಾಕಿ, ಕನಿಷ್ಠ ನೂರು ಹೆಜ್ಜೆ ಹಿಂದೆ ತ್ರಿಕೋನ ಇಡಿ. ಗಾಡಿಯಲ್ಲಿದ್ದವರೆಲ್ಲ ಎಡಗಡೆಯಿಂದ ಇಳಿದು ತಡೆಬೇಲಿ ಆಚೆ ನಿಲ್ಲಿ. ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ. ಅಪಾಯ ಇದ್ದರೆ 112. ಹಳೇ ಗಾಡಿ, ಮೇಲೆ ಲೋಡ್ ಇದೆ, ಮಧ್ಯಾಹ್ನದ ಬಿಸಿಲು ಅಂದರೆ ಬಿಡದಿ, ರಾಮನಗರ, ಚನ್ನಪಟ್ಟಣ ಊರುಗಳ ಮೇಲೆ ಹೋಗೋ ಹಳೇ ರಸ್ತೆಯೇ ವಾಸಿ. ನಿಂತರೂ ನೆರಳು, ನೀರು, ಗ್ಯಾರೇಜ್ ಸಿಗುತ್ತೆ.

ಬೋರ್‌ವೆಲ್ ನೀರು ಹುಯ್ಯೋ ಅಭ್ಯಾಸ

ನಮ್ಮ ಕಡೆ ಬಹಳ ಊರುಗಳಲ್ಲಿ ಬೋರ್‌ವೆಲ್ ನೀರು ಗಡಸು. ಸ್ನಾನದ ನೀರು ಕಾಯಿಸೋ ಹಂಡೆ, ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟೋದನ್ನ ಎಲ್ಲರೂ ನೋಡಿದ್ದೀವಿ. ಅದೇ ಪದರ ರೇಡಿಯೇಟರ್‌ನ ಸಣ್ಣ ನಾಳಗಳಲ್ಲೂ ಕಟ್ಟುತ್ತೆ. ಬರೀ ನೀರಿಗೆ ತುಕ್ಕು ತಡೆಯೋ ಗುಣವೂ ಇಲ್ಲ, ವಾಟರ್ ಪಂಪ್ ಬೇಗ ಹೋಗುತ್ತೆ.

ದಾರಿಯಲ್ಲಿ ಬೇರೆ ದಿಕ್ಕಿಲ್ಲದಾಗ ಯಾವ ನೀರಾದರೂ ಸರಿ, ಖಾಲಿ ಓಡಿಸೋದಕ್ಕಿಂತ ಮೇಲು. ಆದರೆ ಊರಿಗೆ ಬಂದ ಮೇಲೆ ಅದನ್ನ ಪೂರ್ತಿ ಇಳಿಸಿ, ಫ್ಲಶ್ ಮಾಡಿಸಿ, ಸರಿಯಾದ ಕೂಲೆಂಟ್ ಹಾಕಿಸಿ. ರೆಡಿ ಮಿಕ್ಸ್ ಆದರೆ ಹಾಗೇ ಹಾಕಬಹುದು. ಗಟ್ಟಿ ಕೂಲೆಂಟ್ ಆದರೆ ಡಬ್ಬದ ಮೇಲೆ ಬರೆದಿರೋ ಅಳತೆಗೆ, ಸಾಮಾನ್ಯವಾಗಿ ಅರ್ಧಕ್ಕರ್ಧ, ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಸೇರಿಸಬೇಕು. ಬೇರೆ ಬೇರೆ ಥರದ ಕೂಲೆಂಟ್ ಬೆರೆಸಬೇಡಿ. ಗಾಡಿ ತಣ್ಣಗಿರುವಾಗ ರಿಸರ್ವ್ ಡಬ್ಬದಲ್ಲಿ ಮಟ್ಟ ಮಿನ್, ಮ್ಯಾಕ್ಸ್ ಗೆರೆಗಳ ಮಧ್ಯೆ ಇರಬೇಕು. ವಾರಕ್ಕೊಂದು ಸಲ ನೋಡೋಕೆ ಒಂದು ನಿಮಿಷ ಸಾಕು.

"ನಮ್ಮ ಬಿಸಿಲಿಗೆ ಥರ್ಮೋಸ್ಟಾಟ್ ಯಾಕೆ, ಕಿತ್ತಾಕ್ಬಿಡಿ" ಅನ್ನೋ ಸಲಹೆಯೂ ಸಿಗುತ್ತೆ. ತೆಗೆದರೆ ಎಂಜಿನ್ ಸರಿಯಾದ ಬಿಸಿಗೆ ಬರೋಕೆ ತಡವಾಗುತ್ತೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ. ಕೆಲವು ಎಂಜಿನ್‌ಗಳಲ್ಲಿ ಕೂಲೆಂಟ್ ರೇಡಿಯೇಟರ್‌ಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತಿ ಇನ್ನೂ ಹೀಟ್ ಆಗುತ್ತೆ. ಫ್ಯಾನಿಗೆ ಡೈರೆಕ್ಟ್ ವೈರ್ ಕೊಡೋದು ಕೂಡ ಊರು ಸೇರೋವರೆಗಿನ ಉಪಾಯ ಅಷ್ಟೇ. ಎರಡಕ್ಕೂ ಸರಿಯಾದ ಪಾರ್ಟ್ ಹಾಕಿಸೋದೇ ಅಗ್ಗ.

ರಸ್ತೆ ಮೇಲಿನ ಒಕ್ಕಣೆ, ಅಂಡರ್‌ಪಾಸ್ ನೀರು

ಸುಗ್ಗಿ ಸಮಯದಲ್ಲಿ ಮಾಗಡಿ, ಕನಕಪುರದ ಹಳ್ಳಿ ರಸ್ತೆಗಳಲ್ಲಿ ರಾಗಿ, ಹುರುಳಿ ಹರಡಿರ್ತಾರೆ. ಅದರ ಮೇಲೆ ಹೋದಾಗ ಹುಲ್ಲು, ಹುರುಳಿ ಬಳ್ಳಿ ಗಾಡಿ ಕೆಳಗೆ ಸುತ್ತಿಕೊಳ್ಳುತ್ತೆ. ರೇಡಿಯೇಟರ್ ಮುಂದೆ ಸೇರಿದರೆ ಗಾಳಿ ನಿಲ್ಲುತ್ತೆ, ಹೀಟ್ ಆಗುತ್ತೆ. ಕಾದ ಸೈಲೆನ್ಸರ್‌ಗೆ ತಾಗಿದರೆ ಬೆಂಕಿಯೇ ಹತ್ತಬಹುದು. ಒಕ್ಕಣೆ ದಾಟಿದ ಮೇಲೆ ಸ್ವಲ್ಪ ಮುಂದೆ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿ. ಸುಟ್ಟ ಹುಲ್ಲಿನ ವಾಸನೆ ಬಂದರೆ ಎಲ್ಲರೂ ಮೊದಲು ಇಳಿಯಿರಿ.

ಮಳೆಗಾಲದಲ್ಲಿ ಆಫ್ ಆಗೋದು ಬೇರೆ ಲೆಕ್ಕ. 2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ಹತ್ರ ಸಂಗಬಸವನದೊಡ್ಡಿ ಅಂಡರ್‌ಪಾಸ್‌ನಲ್ಲಿ ನೀರು ನಿಂತು ಬಸ್ಸು, ಕಾರುಗಳು ಮುಳುಗಿದ್ದು ಯಾರೂ ಮರೆತಿಲ್ಲ. ನೀರಲ್ಲಿ ಆಫ್ ಆದ ಗಾಡಿಯನ್ನ ಮತ್ತೆ ಸ್ಟಾರ್ಟ್ ಮಾಡಲೇಬಾರದು. ಗಾಳಿ ಎಳೆಯೋ ದಾರಿಯಲ್ಲಿ ನೀರು ಸಿಲಿಂಡರ್‌ಗೆ ಹೋಗಿದ್ದರೆ ಪಿಸ್ಟನ್‌ಗೆ ಅದನ್ನ ಒತ್ತೋಕೆ ಆಗಲ್ಲ, ಕನೆಕ್ಟಿಂಗ್ ರಾಡ್ ಬಾಗಿ ಹೋಗುತ್ತೆ. ಗಾಡಿಯನ್ನ ತಳ್ಳಿ ಹೊರಗೆ ತಂದು ಗ್ಯಾರೇಜಿಗೆ ಎಳೆಸಿ.

ಇನ್ಶೂರೆನ್ಸ್ ವಿಷಯವೂ ಇಲ್ಲೇ ಹೇಳಿಬಿಡ್ತೀನಿ. ಹೀಟ್ ಆಗಿ ಎಂಜಿನ್ ಹೋದರೆ ಅದು ಅಪಘಾತ ಅಲ್ಲ, ಯಾಂತ್ರಿಕ ತೊಂದರೆ. ಸಾಮಾನ್ಯ ಪಾಲಿಸಿಯಲ್ಲಿ ದುಡ್ಡು ಬರೋದಿಲ್ಲ. ನೀರು ಹೋಗಿ ಎಂಜಿನ್ ಕೆಟ್ಟರೂ ಎಂಜಿನ್ ಪ್ರೊಟೆಕ್ಷನ್ ಅಂತ ಪ್ರತ್ಯೇಕವಾಗಿ ಸೇರಿಸಿಕೊಂಡಿಲ್ಲದಿದ್ದರೆ ಕಷ್ಟ. ಪಾಲಿಸಿ ಕಾಗದ ಒಮ್ಮೆ ತೆಗೆದು ನೋಡಿ.

ಗ್ಯಾರೇಜಿಗೆ ಹೋದಾಗ ಏನು ಹೇಳಬೇಕು?

"ಹೀಟ್ ಆಗ್ತದೆ, ಆಫ್ ಆಗ್ತದೆ, ನೋಡಿ" ಅಂತ ಕೀ ಕೊಟ್ಟು ಬರಬೇಡಿ. ಇಷ್ಟನ್ನ ಮೊಬೈಲ್‌ನಲ್ಲೋ ಅಂಗಡಿ ಲೆಕ್ಕದ ಪುಸ್ತಕದ ಹಿಂದೆಯೋ ಬರ್ಕೊಂಡು ಹೋಗಿ:

ಹೀಟ್ ಆಗೋದು ಊರೊಳಗಾ, ರೋಡಲ್ಲಾ, ಏರಿನಲ್ಲಾ? ಸ್ಟಾರ್ಟ್ ಮಾಡಿ ಎಷ್ಟು ನಿಮಿಷಕ್ಕೆ?

ಎಸಿ ಹಾಕಿದ್ದಿರಾ? ಲೋಡ್ ಎಷ್ಟಿತ್ತು? ಫ್ಯಾನ್ ತಿರುಗ್ತಿತ್ತಾ?

ಆಫ್ ಆದಾಗ ಮುಳ್ಳು ಎಲ್ಲಿತ್ತು? ಜರ್ಕ್ ಹೊಡೆದು ಆಫ್ ಆಯ್ತಾ, ಸ್ವಿಚ್ ಆರಿಸಿದ ಹಾಗೆ ಒಂದೇ ಸಲ ಆಯ್ತಾ?

ಎಷ್ಟು ಹೊತ್ತು ಬಿಟ್ಟ ಮೇಲೆ ಮತ್ತೆ ಸ್ಟಾರ್ಟ್ ಆಯ್ತು? ಬ್ಯಾಟರಿ ಲೈಟ್, ಎಂಜಿನ್ ಲೈಟ್ ಉರಿದಿತ್ತಾ?

ಕೂಲೆಂಟ್ ಎಷ್ಟು ದಿನಕ್ಕೆ ಎಷ್ಟು ಕಡಿಮೆಯಾಗ್ತಿದೆ? ಈಗಾಗಲೇ ಯಾವ ಪಾರ್ಟ್ ಬದಲಾಗಿದೆ?

ಎಂಜಿನ್ ಲೈಟ್ ಇರೋ ಹೊಸ ಕಾರಾದರೆ ಮೊದಲು ಸ್ಕ್ಯಾನರ್ ಹಾಕಿಸಿ. ಸ್ಕ್ಯಾನರ್ ಹೇಳೋದು ಎಲ್ಲಿ ನೋಡಬೇಕು ಅನ್ನೋದನ್ನ ಮಾತ್ರ, ಯಾವ ಪಾರ್ಟ್ ಕೊಳ್ಳಬೇಕು ಅನ್ನೋದನ್ನಲ್ಲ. ಸೆನ್ಸರ್ ಕೋಡ್ ಬಂದರೆ ಸೆನ್ಸರ್ ಬದಲಿಸೋಕೆ ಮುಂಚೆ ಅದರ ವೈರ್, ಕನೆಕ್ಟರ್ ನೋಡಿಸಿ. ಬದಲಿಸಿದ ಹಳೇ ಪಾರ್ಟ್ ವಾಪಸ್ ಕೇಳಿ ತಗೊಳ್ಳಿ. ಆಗುತ್ತೆ ಅಂದರೆ ತೊಂದರೆ ಕಾಣೋವರೆಗೆ ಮೆಕ್ಯಾನಿಕ್‌ನ ಪಕ್ಕ ಕೂರಿಸಿಕೊಂಡು ಒಂದು ರೌಂಡ್ ಹೊಡೆಯಿರಿ. ಅದಕ್ಕೆ ಹೋಗೋ ಅರ್ಧ ಗಂಟೆ ವ್ಯರ್ಥ ಅಲ್ಲ.

ಬೆಳಗಿನ ಜಾವ ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ತರೋ ರೈತನಿಗೆ, ತರಕಾರಿ ತರೋ ವ್ಯಾಪಾರಿಗೆ, ಬಾಡಿಗೆಗೆ ಓಡಿಸೋ ಡ್ರೈವರ್‌ಗೆ ಗಾಡಿ ನಿಂತರೆ ಅವತ್ತಿನ ದುಡಿಮೆ ನಿಂತ ಹಾಗೆ. ನಮ್ಮ ಮಾವ ಈಗ ಪ್ರತಿ ಸೋಮವಾರ ಅಂಗಡಿ ಬಾಗಿಲು ತೆಗೆಯೋ ಮುಂಚೆ ಕೂಲೆಂಟ್ ಡಬ್ಬ ನೋಡ್ತಾರೆ, ಫ್ಯಾನ್ ತಿರುಗುತ್ತಾ ಅಂತ ನೋಡ್ತಾರೆ. ಓಮ್ನಿ ಇನ್ನೂ ಓಡ್ತಿದೆ.